ಮಗಳ ನಾಲಿಗೆ ಯಾರ ಕಡೆಯದು

ಮಗಳು ಹುಟ್ಟಿ ಹನ್ನೆರಡು ದಿನವಾದರೂ ಮೊಲೆ ಸರಿಯಾಗಿ ಹಿಡಿಯುತ್ತಿರಲಿಲ್ಲ. ಬಾಯಿ ಜಾರಿದಾಗಲೆಲ್ಲ ಅವಳು ಕಿರುಚುತ್ತಿದ್ದಳು, ನೋವಿಗೆ ನಾನೂ ಕಿರುಚುತ್ತಿದ್ದೆ. ಬಾಣಂತನಕ್ಕೆ ನಾನು ಚಿಗಳ್ಳಿಯ ತವರಿನಲ್ಲಿದ್ದೆ. ತೊಟ್ಟಿಲಿಗೆ ಹಾಕಲು ಹಳಿಯಾಳದಿಂದ ನನ್ನ ಗಂಡನ ಜೊತೆ ಬಂದ ಅತ್ತೆ ಕೂಸಿನ ಬಾಯಿ ತೆರೆದು ನೋಡಿ, ಅಡಿಗೆಮನೆಯಲ್ಲಿದ್ದ ನನ್ನ ಅವ್ವನಿಗೆ ಕೇಳುವಂತೆ ತೀರ್ಪು ಕೊಟ್ಟರು: "ನಾಲಿಗಿ ತಳಕ್ಕ ಅಂಟೇತಿ. ಬಜಿ ತೇಯ್ದು ತಿಕ್ಕಿಲ್ಲ ಇವರು. ನಮ್ಮ ಕಡೆ ಯಾರಿಗೂ ಇಂಥಾದ್ದಿಲ್ಲ."

ಮರುದಿನದಿಂದ ತಾವೇ ಬಜೆಯ ಬೇರು ತೇಯ್ದು ಕೂಸಿನ ನಾಲಿಗೆಗೆ ಸವರತೊಡಗಿದರು. ನಾಲ್ಕು ದಿನ ತಡೆದುಕೊಂಡೆ. ಐದನೆಯ ದಿನ ಬಜೆಯನ್ನು ಹಿತ್ತಲಿಗೆ ಎಸೆದು, ಎಲ್ಲರನ್ನೂ ಮುಂಡಗೋಡಿನ ಆಸ್ಪತ್ರೆಗೆ ಹೊರಡಿಸಿದೆ.

ಡಾಕ್ಟರು ಕೂಸಿನ ನಾಲಿಗೆ ಎತ್ತಿ, ಕೆಳಗಿನ ತೆಳು ಪೊರೆಯನ್ನು ಕಚಕ್ಕನೆ ಕತ್ತರಿಸಿದರು. ಎರಡು ಹನಿ ರಕ್ತ ಬಂತು, ಅಷ್ಟೇ. ಕೂಡಲೇ ಮೊಲೆಗೆ ಹಚ್ಚಿದರೆ ಮಗಳು ಗಟಗಟ ಕುಡಿದಳು.

"ಇದು ಮನೆತನದಾಗ ಬರೂದೂ ಐತ್ರಿ" ಎಂದ ಡಾಕ್ಟರು ನಮ್ಮೆಲ್ಲರಿಗೂ ನಾಲಿಗೆ ಚಾಚಲು ಹೇಳಿದರು. ನನ್ನದು ಗದ್ದದವರೆಗೆ ಬಂತು. ಅವ್ವನದೂ ಬಂತು. ಅತ್ತೆಯದು ತುಟಿಯನ್ನೇ ದಾಟಲಿಲ್ಲ.

ಇಡೀ ಓಣಿಯನ್ನು ಮಾತಿನಲ್ಲೇ ಮಣಿಸಿದ ಅತ್ತೆ ಚಾಚಿದ ನಾಲಿಗೆಯನ್ನು ಒಳಗೆಳೆದುಕೊಂಡರು. ಆಮೇಲೆ ಮೊಮ್ಮಗಳನ್ನು ಎತ್ತಿಕೊಂಡು ಬೀಗಿದರು: "ನನ್ನ ನಾಲಿಗೀನ ಬಂದೈತಿ ನೋಡ್ರಿ! ಕಟ್ಟಿದ್ದ ನಾಲಿಗ್ಯಾಗ ನಾ ಇಷ್ಟು ಮಾತಾಡೇನಿ. ಇಕಿದಂತೂ ಬಿಚ್ಚೇತಿ."

ನನ್ನ ಗಂಡ ಡಾಕ್ಟರ ಕಡೆ ಬಾಗಿ ಮೆಲ್ಲಗೆ ಕೇಳಿದ: "ಮತ್ತ ಹೊಲಿಯಾಕ ಬರ್ತೈತೇನ್ರಿ?"