ಕಾಲು ಆರುವ ತನಕ

ಹಿತ್ತಲ ನಲ್ಲಿಯ ಕೆಳಗೆ ಚಾಚಿದ ಎರಡು ಪಾದಗಳು. ಹಿಮ್ಮಡದ ಬಿರುಕುಗಳಲ್ಲಿ ತಿಕೋಟಾದ ಕರಿಮಣ್ಣು, ಬೆರಳಲ್ಲಿ ಸವೆದು ತೆಳ್ಳಗಾದ ಕಾಲುಂಗುರ. ನನ್ನ ಗಂಡನ ಅಣ್ಣನ ಹೆಂಡತಿಯನ್ನು ನೆನೆದರೆ ಮೊದಲು ಕಾಣುವುದು ಆ ಪಾದಗಳೇ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ.

ತಿಕೋಟಾದಲ್ಲಿ ನಮ್ಮದೊಂದು ದ್ರಾಕ್ಷಿ ತೋಟ, ಪಕ್ಕದಲ್ಲೇ ಒಣದ್ರಾಕ್ಷಿ ಮಾಡುವ ಶೆಡ್ಡು. ಆ ಶೆಡ್ಡನ್ನು ನಡೆಸುತ್ತಿದ್ದವಳು ಅಕ್ಕ. ಸಂಜೆ ಅಥಣಿ ರಸ್ತೆಯ ನಮ್ಮ ಮನೆಗೆ ಬಂದವಳೇ ಕಾಲು ತೊಳೆದು, ಒರೆಸಿಕೊಳ್ಳದೆ, ಹಿತ್ತಲ ಮೆಟ್ಟಿಲ ಮೇಲೆ ಕೂಡುತ್ತಿದ್ದಳು. ಕಾಲು ಆರುವ ತನಕ ಯಾರು ಕರೆದರೂ ಹೂಂ ಕೂಡ ಇಲ್ಲ. ಮುಂಜಾನೆಯ ಚಹಾವೂ ಹಾಗೇ. ಫೋನು ಬಡಿದುಕೊಳ್ಳಲಿ, ಮಾವನವರು ಕೂಗಲಿ, ಕಪ್ಪಿನ ಕೆಳಗಿನ ಬಸಿಗೆ ಸುರಿದು ಊದಿ ಊದಿ ಕೂತೇ ಕುಡಿಯಬೇಕು. ನಾನು ಬಬಲೇಶ್ವರದ ಶಾಲೆಯಲ್ಲಿ ಶಿಕ್ಷಕಿ. ಬಸ್ಸು ತಪ್ಪುತ್ತದೆಂದು ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಬಾಚಣಿಗೆ ಹಿಡಿದು ಓಡಾಡುವಾಗ ಆ ಊದುವ ಸದ್ದು ಕೇಳಿದರೆ ಮೈ ಉರಿಯುತ್ತಿತ್ತು.

ಒಂದು ಸಂಜೆ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಮನೆಯಲ್ಲಿ ಗ್ಯಾಸ್ ಖಾಲಿ, ಪಡಸಾಲೆಯಲ್ಲಿ ನೆಂಟರು, ಶಾಲೆಯ ವಾಟ್ಸ್ಯಾಪ್ ಗುಂಪಿನಲ್ಲಿ ಹೊಸದೊಂದು ಆದೇಶ. ಚೀಲ ಬಿಸಾಡಿ ಚೀರಿದೆ. ಅಕ್ಕ ಮಣಿಕಟ್ಟು ಹಿಡಿದು ನಲ್ಲಿಯ ಬಳಿ ಎಳೆದೊಯ್ದಳು.

"ಮೊದಲ ಕಾಲ ತೊಳಕೋ. ಆಮ್ಯಾಲ ಜಗಳಾ ಮಾಡೂಣು, ನಾನೂ ಬರ್ತೀನಿ."

"ಕಾಲ ತೊಳದ್ರ ಗ್ಯಾಸ್ ಬರ್ತೈತೇನಕ್ಕಾ?"

"ಬರೂದಿಲ್ಲ. ಒಲಿ ಹಚ್ಚಾಕ ಕೈ ಬರ್ತಾವು. ಕುಂದ್ರು."

ಕೂತೆ. ಸಿಟ್ಟು ಇಳಿಯಿತೆಂದರೆ ಸುಳ್ಳು. ಅಷ್ಟೂ ಅವಳ ಮೇಲೆ ತಿರುಗಿತು. ಇವಳಿಗೆ ಏನೂ ತಟ್ಟುವುದೇ ಇಲ್ಲವೇ ಎಂದು ಹಲ್ಲು ಕಡಿದೆ.

ತಟ್ಟುತ್ತದೆಂದು ತಿಳಿದದ್ದು ಶೆಡ್ಡಿನ ಗದ್ದಲದಲ್ಲಿ. ಅವಳ ಗಂಡ, ನನ್ನ ಭಾವನವರು, ಅವಳಿಗೊಂದು ಮಾತೂ ಹೇಳದೆ ಶೆಡ್ಡನ್ನು ವ್ಯಾಪಾರಿಯೊಬ್ಬನಿಗೆ ಒಪ್ಪಿಸಲು ಮಾತು ಕೊಟ್ಟುಬಿಟ್ಟಿದ್ದರು. ಅವಳಿಗದು ಗೊತ್ತಾದದ್ದು ಕೆಲಸದ ಹೆಣ್ಣುಮಕ್ಕಳ ಬಾಯಿಂದ. ಅವತ್ತೂ ಬಂದವಳು ಕಾಲು ತೊಳೆದು ಮೆಟ್ಟಿಲ ಮೇಲೆ ಕೂತಳು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಒಳಗ ಹೋಗಿ ಕೇಳಬೇ! ಹಿಂಗ ಕುಂತ್ರ ಎಲ್ಲಾ ಕಸಗೋತಾರ."

ಅವಳು ಕೈ ಮುಂದೆ ಮಾಡಿದಳು. ಬಿಗಿಯಾಗಿ ಹಿಡಿದಿದ್ದ ಶೆಡ್ಡಿನ ಕೀಲಿಗಳ ಗುರುತು ಅಂಗೈಯಲ್ಲಿ ಕೆಂಪಗೆ ಮೂಡಿತ್ತು.

"ಈಗ ಹೋದ್ರ ಅಳು ಬರ್ತೈತಿ. ನಾ ಅತ್ರ ಅವರಿಗಿ ಹಗುರ ಆಗತೈತಿ. ಸಮಾಧಾನಾ ಮಾಡಿ ಮಾತ ಮುಗಸ್ತಾರ."

ಆಮೇಲೆ ಎದ್ದು ಒಳಗೆ ಹೋದಳು. "ಶೆಡ್ಡಿನ ಕೀಲಿ ನನ್ನ ಹತ್ರನ ಇರ್ತಾವ್ರಿ. ಆ ಮಂದಿಗಿ ಫೋನ್ ಮಾಡಿ ಹೇಳ್ರಿ." ಭಾವನವರು ಎದ್ದು ಕೂಗಾಡಿದರು, ಮಾವನವರು ಮನೆತನದ ಮರ್ಯಾದೆಯ ಮಾತೆತ್ತಿದರು. ಅವಳು ದನಿ ಏರಿಸದೆ ಮತ್ತೆ ಅದನ್ನೇ ಹೇಳಿದಳು. ಅವರು ದಣಿಯುವವರೆಗೂ ಅದೇ ಮಾತು. ಮರುದಿನ ಭಾವನವರು ವ್ಯಾಪಾರಿಗೆ ಫೋನು ಮಾಡಿದರು.

ಅಂದಿನಿಂದ ನಾನೂ ಸಂಜೆ ಅವಳ ಪಕ್ಕ ಕೂಡತೊಡಗಿದೆ. ಕೆಲವು ದಿನ ಮನಸ್ಸು ತಣ್ಣಗಾಗುತ್ತಿತ್ತು, ಹಲವು ದಿನ ಇಲ್ಲ. "ನನಗೂ ದಿನಾ ಆಗೂದಿಲ್ಲ ತಂಗಿ," ಎನ್ನುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಅಕ್ಕ ಶೆಡ್ಡಿನಲ್ಲೇ ಕುಸಿದಳು. ವಿಜಯಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು. ಬಿಪಿ ಗುಳಿಗೆ ಎಂದೂ ತಪ್ಪಿಸಿದವಳಲ್ಲ. ಯಾರ ಮೇಲೆ ಕೂಗಾಡಬೇಕೆಂದೂ ನನಗೆ ತೋಚಲಿಲ್ಲ.

ಮಾತಾಡಿಸಲು ಬಂದವರೆಲ್ಲರ ಬಾಯಲ್ಲಿ ಒಂದೇ ಹಾಡು: "ಆಕಿಗಿ ಸಿಟ್ಟ ಅನ್ನೂದ ಗೊತ್ತಿರಲಿಲ್ಲ ನೋಡ್ರಿ." ಭಾವನವರೂ ತಲೆಯಾಡಿಸುತ್ತಿದ್ದರು. ಕೇಳಿ ಕೇಳಿ ನನ್ನ ತಲೆ ಸಿಡಿಯತೊಡಗಿತು. ದಿನವೂ ಕಷ್ಟಪಟ್ಟು ಗಳಿಸಿದ ಸಮಾಧಾನವನ್ನು ಹುಟ್ಟುಗುಣ ಮಾಡಿಬಿಟ್ಟಿದ್ದರು.

"ಬರ್ತಿತ್ರಿ," ಎಂದೆ. "ದಿನಾ ಬರ್ತಿತ್ತು. ಸಿಟ್ಟ ಬರೂವಂಥಾದ್ದು ಈ ಮನ್ಯಾಗ ಭಾಳ ಇತ್ತು."

ಮಾವನವರು ಕೆಕ್ಕರಿಸಿ ನೋಡಿದರು. ಭಾವನವರು ತಲೆಯಾಡಿಸುವುದನ್ನು ನಿಲ್ಲಿಸಿ, "ನನ್ನ ಮ್ಯಾಲೇನ?" ಎಂದು ಕೇಳಿದರು.

"ಹೌದ್ರಿ," ಎಂದೆ.

ನನ್ನ ದನಿ ನಡುಗಲಿಲ್ಲ, ಏರಲೂ ಇಲ್ಲ. ಹಾಗೆ ಮಾತಾಡಲು ಕಲಿಸಿದವಳು ಅದನ್ನು ಕೇಳಲು ಇರಲಿಲ್ಲವಲ್ಲ ಎಂಬ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ.