ಒರೆಸಿ ನೋಡಿದ ಮೇಲೆ ಪೌಡರು

ಬಸಣ್ಣ ಮಾವ ಬೀದಿಯ ತಿರುವಿಗೆ ಬರುವ ಮೊದಲೇ ಅವರ ಪೌಡರಿನ ಘಮ ನಮ್ಮ ಬಾಗಿಲಿಗೆ ಬಂದಿರುತ್ತಿತ್ತು. ಪಕ್ಕದ ಮನೆಯವರು, ಕಡೂರು–ಪಂಚನಹಳ್ಳಿ ಬಸ್ಸಿನ ಕಂಡಕ್ಟರು. ಕುತ್ತಿಗೆಯ ಮಡಿಕೆಗಳಲ್ಲಿ ಸದಾ ಬಿಳಿ ಗೆರೆ.

"ಪಂಚನಹಳ್ಳೀಲಿ ಹೆಣ್ ನೋಡಕ್ ಹೊಂಟ್ರಾ?" ಎಂದು ಅವರ ಹೆಂಡತಿ ರೇಗಿಸುವರು.

"ಸಂತೆ ದಿನ ಅಷ್ಟ್ ಜನದ ಮಧ್ಯೆ ಕೈಯೆತ್ತಿ ನಿಲ್ಬೇಕು ಕಣೇ. ಬೆವರು ನಾರಿದ್ರೆ ಟಿಕೆಟ್ಟೂ ತಗಳಲ್ಲ!"

ಅವರ ಬಳಿ ಎರಡು ಡಬ್ಬಿಗಳಿದ್ದವು. ಘಮದ್ದು ಮೈಗೆ, ಮೆಡಿಕಲ್ ಶಾಪಿನದು ಕಾಲಿಗೆ. ಕಾಲೇಜಿನ ಶೂ ಹಾಕಿ ನನ್ನ ಬೆರಳ ಸಂದಿ ಕೆಟ್ಟಾಗ ನಾನು ಘಮದ ಪೌಡರನ್ನೇ ಸುರಿದುಕೊಂಡಿದ್ದೆ. ಮಾವ ಗದರಿದರು: "ಒದ್ದೆ ಮೇಲೆ ಹಾಕಿದ್ರೆ ಕೆಸರಾಯ್ತದೆ ಕಣವ್ವ. ಮೊದ್ಲು ಒರ್ಸು. ಆಮೇಲೆ ನೋಡು. ಗಾಯ ಇಲ್ದಿದ್ರೆ ಒಂದ್ ಚಿಟಿಕೆ, ಕಾಲಿನ್ ಡಬ್ಬಿದು." ದಿನಚರಿಯಲ್ಲಿ ಬರೆದುಕೊಂಡೆ. ಹನ್ನೆರಡನೆಯ ದಿನ ತುರಿಕೆ ನಿಂತಿತು.

ಮಾವನಿಗೆ ಸಕ್ಕರೆ ಕಾಯಿಲೆ. ಪಾದಗಳಿಗೆ ನೋವೇ ತಿಳಿಯುತ್ತಿರಲಿಲ್ಲ. ಹೊಟ್ಟೆ ಅಡ್ಡ ಬಂದು ಬೆರಳ ಸಂದಿ ಅವರಿಗೆ ಕಾಣದು. ಅತ್ತೆಯ ಕಣ್ಣಿಗೆ ಪೊರೆ. "ಬರ್ಕೊಳೋಳು ನೀನು, ನೀನೇ ನೋಡವ್ವ" ಎಂದರು ಮಾವ. ಅಂದಿನಿಂದ ಪ್ರತಿ ಭಾನುವಾರ ಒರೆಸಿ, ಬೆರಳು ಬಿಡಿಸಿ ನೋಡಿ, 'ಒಣಗಿದೆ, ಗಾಯವಿಲ್ಲ' ಎಂದು ಬರೆಯುತ್ತಿದ್ದೆ. ಹೀಗೆ ನಲವತ್ತೊಂದು ಭಾನುವಾರ.

ನಲವತ್ತೆರಡನೆಯದರ ಮಾರನೆಯ ದಿನ ನನಗೆ ಪರೀಕ್ಷೆ. ಪುಸ್ತಕ ಹಿಡಿದೇ ಹೋದೆ. ಮಾವ ಆಗಲೇ ಮೇಲಿಂದ ಡಬ್ಬಿ ಅಲುಗಿಸಿ ಪೌಡರು ಉದುರಿಸಿಕೊಂಡು, ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಪಾದಗಳು ಬೆಳ್ಳಗಿದ್ದವು. ನಾನು ಒರೆಸಲಿಲ್ಲ. ನಿಂತಲ್ಲೇ "ಚೆನ್ನಾಗೈತೆ ಮಾವ" ಎಂದೆ. ಮನೆಗೆ ಬಂದು ಎಂದಿನ ಸಾಲನ್ನೇ ಬರೆದೆ.

ಗುರುವಾರ ಅವರ ಬಲಗಾಲಿನ ಕಾಲ್ಚೀಲಕ್ಕೆ ಕೀವು ಅಂಟಿತ್ತು. ಕಿರುಬೆರಳ ಸಂದಿಯಲ್ಲಿ, ಗಟ್ಟಿಯಾದ ಪೌಡರಿನ ಅಡಿಯಲ್ಲಿ, ಗಾಯ ಆಳಕ್ಕೆ ಇಳಿದಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೊದಲು ಎರಡು ಬೆರಳು ತೆಗೆದರು, ಆಮೇಲೆ ಮೊಣಕಾಲಿನವರೆಗೆ.

ನೋಡಲು ಹೋದಾಗ ಮಾವನ ಮೈಯಲ್ಲಿ ಘಮವಿರಲಿಲ್ಲ. "ಬಾರವ್ವ. ಅರ್ಧ ಟಿಕೆಟ್ಟಾಗ್ಬಿಟ್ಟೆ ನೋಡು" ಎಂದು ನಕ್ಕರು.

"ಮಾವ, ಅವತ್ತು ನಾನು ಒರೆಸಿ ನೋಡ್ಲಿಲ್ಲ."

"ಗೊತ್ತು ಕಣವ್ವ. ನಿಂಗೆ ಪರೀಕ್ಷೆ, ಓದಕ್ಕೆ ಲೇಟಾಗ್ಬಾರ್ದು ಅಂತ ನಾನೇ ಮುಂಚೇನೇ ಉದುರ್ಸ್ಕೊಂಡು ಕೂತಿದ್ದೆ."

ಮಾವ ಹೊದಿಕೆಯ ಕೆಳಗಿನಿಂದ ಎಡಗಾಲನ್ನು ನನ್ನತ್ತ ಸರಿಸಿದರು. ದುಪಟ್ಟಾದ ಅಂಚಿನಿಂದ ಒರೆಸಿದೆ. ನಾಲ್ಕೂ ಸಂದಿಗಳನ್ನು ಬಿಡಿಸಿ ನೋಡಿದೆ.

"ಏನಂತ ಬರ್ಕೋತೀಯ?"

"ಗಾಯ ಇಲ್ಲ ಮಾವ."

"ಹಂಗಾರೆ ಒಂದ್ ಚಿಟಿಕೆ ಹಾಕು."

ಡಬ್ಬಿ ತಂದಿರಲಿಲ್ಲ. ನಾಳಿದ್ದು ತರುತ್ತೇನೆ ಎಂದೆ. ಮಾರನೆಯ ದಿನವೇ ನಂಜು ಮೈಗೇರಿ ಹೋಗಿಬಿಟ್ಟರು.

ನಲವತ್ತೆರಡನೆಯ ಭಾನುವಾರದ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ 'ನೋಡಲಿಲ್ಲ' ಎಂದು ಬರೆದಿದ್ದೇನೆ. ಅದರ ಕೆಳಗಿನ ಸಾಲು ಎಡಗಾಲಿನದು: 'ಒರೆಸಿ ನೋಡಿದೆ. ಗಾಯವಿಲ್ಲ. ಪೌಡರು ಹಾಕುವುದು ಬಾಕಿ.'