ಅರಿಶಿನ ಬಳಿದ ಪಿಕಳಾರ

ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ಬರುವಾಗ ನಮ್ಮ ವಿಜ್ಞಾನದ ಮೇಷ್ಟ್ರ ಕಣ್ಣಿನ ಸುತ್ತ ಹಕ್ಕಿ ನೋಡುವ ದುರ್ಬೀನು ಒತ್ತಿದ ಕೆಂಪು ಬಳೆಗಳು ಇನ್ನೂ ಮಾಸಿರುತ್ತಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ನನ್ನ ಕಿವಿ ಹಿಂಡಿ ಅವರು ಕಲಿಸಿದ್ದು ಒಂದೇ ಪಾಠ: "ಹತ್ತಿರ ಹೋಗಿ ನೋಡೋ, ಕತ್ತೆ. ದೂರದಿಂದ ಎಲ್ಲಾ ಒಂದೇ ಥರ ಕಾಣುತ್ತೆ." ತೆಂಗಿನಕಾಯಿ ವ್ಯಾಪಾರಕ್ಕಿಳಿದ ಮೇಲೆ ನಾನು ಉಂಡ ಅನ್ನವೆಲ್ಲ ಆ ಮಾತಿನದು.

ತೊಂಬತ್ತರ ದಶಕದಲ್ಲಿ ನುಗ್ಗೇಹಳ್ಳಿ ಕಡೆಯ ಬಂಡೆಗುಡ್ಡವೊಂದರಲ್ಲಿ ಅವರಿಗೆ ಹಳದಿ ಕತ್ತಿನ ಪಿಕಳಾರ ಎಂಬ ಹಾಡುಹಕ್ಕಿ ಕಂಡಿತು. ಅದರ ದಾಯಾದಿ ಬಿಳಿ ಹುಬ್ಬಿನ ಪಿಕಳಾರಕ್ಕೆ ಯಾವ ಬೇಲಿಯಾದರೂ ಆದೀತು, ಅದಕ್ಕೇನೂ ಅಪಾಯವಿಲ್ಲ. ಹಳದಿ ಕತ್ತಿನದಕ್ಕೆ ಬಂಡೆಯೇ ಬೇಕು. ದಕ್ಷಿಣದ ಕೆಲವು ಗುಡ್ಡ ಬಿಟ್ಟರೆ ಪ್ರಪಂಚದಲ್ಲೆಲ್ಲೂ ಇಲ್ಲ, ಅಳಿವಿನ ಭಯವಿರುವ ಜಾತಿ. ಆ ಗುಡ್ಡಕ್ಕೇ ಜಲ್ಲಿ ಕ್ವಾರಿ ಬರುವುದಿತ್ತು. ಮೇಷ್ಟ್ರು ತಕರಾರು ಅರ್ಜಿ ಹಾಕಿದರು.

"ಅರ್ಧ ಗುಡ್ಡ ಬಿಡ್ರಿ ಅಂತ ಚೌಕಾಸಿ ಮಾಡಿ ಸಾ," ಎಂದೆ.

"ಅರ್ಧ ಗುಡ್ಡಕ್ಕೆ ಅರ್ಧ ಹಕ್ಕಿ ಬರುತ್ತೇನೋ?"

ಗಣಿ ಇಲಾಖೆಯ ಸಾಹೇಬರು ತನಿಖೆಗೆ ಬಂದ ದಿನ ಕ್ವಾರಿ ಕಂಟ್ರಾಕ್ಟರನ ಆಳು ಪಂಜರ ತಂದ. ಒಳಗೆ ಹಳದಿ ಕತ್ತಿನ ಹಕ್ಕಿ.

"ಮೇಷ್ಟ್ರ ಅಪರೂಪದ್ದು ಇದೇ ಕಣ್ ಸಾ. ನಮ್ ಬೇಲಿ ತುಂಬಾ ಅವೆ. ಇನ್ನೊಂದ್ ಮಂಕರಿ ತುಂಬಾ ಇಡ್ಕ ಬರ್ಲಾ?"

ಮೇಷ್ಟ್ರು ಹಕ್ಕಿಯನ್ನು ಕೈಗೆತ್ತಿಕೊಂಡು ನಕ್ಕರು. "ಅಸಲಿದಕ್ಕೆ ತಲೆಯೂ ಹಳದಿ ಕಣ್ರೋ. ಇದರ ಬಿಳಿ ಹುಬ್ಬು ಹಾಗೇ ಬಿಟ್ಟಿದೀರಲ್ಲ!" ಟವೆಲ್ ಒದ್ದೆ ಮಾಡಿ ಕತ್ತು ಒರೆಸಿದರು. ಅರಿಶಿನ ಟವೆಲ್ಲಿಗೆ ಬಂತು. ಅದನ್ನು ಎತ್ತಿ ತೋರಿಸುವಷ್ಟರಲ್ಲಿ ಹೆದರಿದ ಹಕ್ಕಿ ಅಂಗೈಯಲ್ಲೇ ಜೀವ ಬಿಟ್ಟಿತು.

"ನೋಡ್ರಲಾ, ಅಕ್ಕಿ ಉಳಿಸೋರು ಕತ್ತು ಇಸುಕ್ಬುಟ್ರು!" ಎಂದು ಆಳು ಕೂಗಿದ.

ಊರೇ ನಕ್ಕಿತು. ಸಾಹೇಬರೂ ನಗುತ್ತ ಜೀಪು ಹತ್ತಿದರು. ಟವೆಲ್ಲನ್ನು ಯಾರೂ ನೋಡಲಿಲ್ಲ. ಕ್ವಾರಿಗೆ ಪರವಾನಗಿ ಸಿಕ್ಕಿತು, ಬಂಡೆಯೆಲ್ಲ ಜಲ್ಲಿಯಾಗಿ ಲಾರಿ ಹತ್ತಿತು. ಮೇಷ್ಟ್ರಿಗೆ 'ಹಕ್ಕಿ ಕೊಂದವರು' ಎಂಬ ಹೆಸರು ಉಳಿಯಿತು, ತರಗತಿಯಲ್ಲೂ. ನಿಮಗೂ ಹೇಳುತ್ತೇನೆ: ಮೋಸದ ಬಣ್ಣವನ್ನು ನೀವೇ ಒರೆಸಬೇಡಿ, ಎದುರಿನವನ ಕೈಯಲ್ಲೇ ಒರೆಸಿ.

ಕೆಲವು ವರ್ಷಗಳ ನಂತರ, ಹಾಸನದ ಆಸ್ಪತ್ರೆಯಲ್ಲಿ ಮೇಷ್ಟ್ರು ಕಷ್ಟಪಟ್ಟು ಉಸಿರು ಎಳೆಯುತ್ತಿದ್ದರು. "ಗುಡ್ಡದ ಕಡೆ ಹೋಗಿದ್ಯಾ?" ಎಂದರು.

"ಓಗಿದ್ದೆ ಸಾ. ಅಳ್ದಿ ಕತ್ತಿಂದು ಒಂದು ಜೋಡಿ ಕೂಗ್ತಾ ಇತ್ತು."

"ಎಲ್ಲಿ ಕೂತಿತ್ತು?"

"ಬಂಡೆ ಮೇಲೆ."

"ಯಾವ ಬಂಡೆನೋ, ಕತ್ತೆ?" ಎಂದು ಗೋಡೆ ಕಡೆ ತಿರುಗಿದರು. ವ್ಯಾಪಾರದಲ್ಲಿ ಸಾವಿರ ಸುಳ್ಳು ದಾಟಿಸಿದವನು ನಾನು, ಈ ಒಂದು ಸುಳ್ಳು ಅವರ ಹತ್ತಿರ ದಾಟಲಿಲ್ಲ. ಅವರು ಮತ್ತೆ ಈ ಕಡೆ ತಿರುಗಲಿಲ್ಲ.